ಫೋಟೊ ಹೆಸರು ಬದಲಿಸುವ ಮುಂಚೆ ಹಳೆಯದನ್ನು ಅದರೊಳಗೇ ಬರೆದಿಡಿ

ಗುಡವಿ, ಮಂಡಗದ್ದೆ ಕಡೆ ಹಕ್ಕಿ ಫೋಟೊ ತೆಗೆಯುವವರು ದಯವಿಟ್ಟು ಇದನ್ನು ಓದಿ. ಕ್ಯಾಮೆರಾ ಕೊಟ್ಟ ನಂಬರ್ ತೆಗೆದು ‘ಗುಡವಿ-ಬೆಳ್ಳಕ್ಕಿ’ ಅಂತ ಹೆಸರಿಡುವುದು ಒಳ್ಳೆಯದೇ. ಆದರೆ ಹಳೆಯ ಹೆಸರು ಅಳಿದರೆ ಅದರ ರಾ ಫೈಲ್ (ಕ್ಯಾಮೆರಾ ಉಳಿಸುವ ಸಂಸ್ಕರಿಸದ ಮೂಲ ಫೈಲ್) ಯಾವುದು, ಬ್ಯಾಕಪ್ ಡಿಸ್ಕಿನಲ್ಲಿ ಎಲ್ಲಿದೆ ಅಂತ ಹುಡುಕುವುದು ಬಹಳ ಕಷ್ಟ.

ಫೋಟೊಗಳನ್ನು ನೋಡಿ ಜೋಡಿಸಿಡುವ ತಂತ್ರಾಂಶ ಅಡೋಬಿ ಬ್ರಿಡ್ಜ್ ಉಚಿತವಾಗಿ ಸಿಗುತ್ತದೆ. ಅದರ ಬ್ಯಾಚ್ ರೀನೇಮ್‌ನಲ್ಲಿ (ಹಲವು ಫೈಲುಗಳ ಹೆಸರು ಒಟ್ಟಿಗೇ ಬದಲಿಸುವ ಸೌಲಭ್ಯ), ಈಗಿರುವ ಹೆಸರನ್ನು ಎಕ್ಸ್‌ಎಂಪಿ ಮೆಟಾಡೇಟಾದಲ್ಲಿ, ಅಂದರೆ ಫೋಟೊ ಜೊತೆಗೇ ಇರುವ ಮಾಹಿತಿಯಲ್ಲಿ, ಉಳಿಸುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿಯೇ ಮುಂದುವರಿಯಿರಿ. ಹಳೆಯ ಹೆಸರು ‘ಪ್ರಿಸರ್ವ್ಡ್ ಫೈಲ್‌ನೇಮ್’ ಎಂಬಲ್ಲಿ ದಾಖಲಾಗುತ್ತದೆ. ಕಮಾಂಡ್ ಟೈಪ್ ಮಾಡಲು ಅಂಜದವರಿಗೆ, ಮೆಟಾಡೇಟಾ ಓದಿ ಬರೆಯುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಇನ್ನೂ ಚೆನ್ನ: ಇಡೀ ಫೋಲ್ಡರಿಗೆ ಒಂದೇ ಸಲ ಬರೆಯಬಹುದು, ಬೇಕೆಂದಾಗ ಅಲ್ಲಿಂದಲೇ ಹಳೆಯ ಹೆಸರನ್ನು ವಾಪಸ್ ತರಬಹುದು. ಮೊದಲು ನಾಲ್ಕಾರು ಫೋಟೊ ನಕಲು ಮಾಡಿಕೊಂಡು ಪರೀಕ್ಷಿಸಿ.

ನಂಬರೊಂದನ್ನೇ ನಂಬಬೇಡಿ. ಎಷ್ಟೋ ಕ್ಯಾಮೆರಾಗಳು 9999 ದಾಟಿದ ಮೇಲೆ ಮತ್ತೆ 0001ರಿಂದ ಶುರುಮಾಡುತ್ತವೆ. ಹೊಸ ಹೆಸರಿನಲ್ಲಿ ಫೋಟೊ ತೆಗೆದ ತಾರೀಖೂ ಇರಲಿ.

ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಮೆಟಾಡೇಟಾ ಉಳಿಯುವುದಿಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಆದರೆ ಆಗ ಜಿಪಿಎಸ್ ಜಾಗವೂ ಜೊತೆಗೇ ಹೋಗುತ್ತದೆ. ಮಂಗಟ್ಟೆಯ ಗೂಡಿನ ಫೋಟೊ ಆಗಿದ್ದರೆ ಆ ಜಾಗದ ಮಾಹಿತಿಯನ್ನು ಅಳಿಸಿಯೇ ಹಂಚಿಕೊಳ್ಳಿ.