ಡೇಕೇರ್‌ಗೆ ಆರೈಕೆದಾರರನ್ನು ತಯಾರು ಮಾಡುವುದು: ನನ್ನ ಅನುಭವ

ಈ ಕೆಲಸ ಕಲಿಯಲು ಬರುವವರಲ್ಲಿ ಹೆಚ್ಚಿನವರು ಮಕ್ಕಳನ್ನು ಬೆಳೆಸಿದವರೇ. ಎತ್ತಿಕೊಳ್ಳುವುದು, ಉಣ್ಣಿಸುವುದು, ಮಲಗಿಸುವುದು ಅವರಿಗೆ ಹೊಸದಲ್ಲ. ಒಂದೇ ಹೊತ್ತಿಗೆ ಮೂರು ಕೂಸುಗಳನ್ನು ನೋಡಿಕೊಳ್ಳುವುದು ಮತ್ತು ಬೇರೆಯವರ ಮಗುವಿನ ಇಡೀ ದಿನದ ಲೆಕ್ಕವನ್ನು ಸಂಜೆ ಏನೂ ಮುಚ್ಚಿಡದೆ ಒಪ್ಪಿಸುವುದು ಹೊಸದು. ಆದ್ದರಿಂದ ನಾನು ಪಾಠ ಹೇಳುವುದು ಕಡಿಮೆ, ಕೈಯಿಂದ ಮಾಡಿಸುವುದೇ ಹೆಚ್ಚು.

ಶುರು ಮಾಡುವುದು ಡೈಪರ್ ಬದಲಾಯಿಸುವುದರಿಂದ. ಡೇಕೇರ್‌ನಲ್ಲಿ ಭೇದಿ ಒಂದು ಮಗುವಿನಿಂದ ಇನ್ನೊಂದಕ್ಕೆ ಹರಡುವ ಒಂದು ಮುಖ್ಯ ದಾರಿ ಡೈಪರ್ ಬದಲಿಸುವ ಮೇಜು. ಮಗು ಉರುಳಿ ಬೀಳುವುದೂ ಇಲ್ಲಿಂದಲೇ. ಅಭ್ಯಾಸದ ಗೊಂಬೆಯೊಳಗೆ ಮರಳು ತುಂಬಿ ಸುಮಾರು 5 ಕೆಜಿ ತೂಕ ಬರುವಂತೆ ಮಾಡಿಕೊಳ್ಳುತ್ತೇನೆ. ಹಗುರ ಗೊಂಬೆಯಲ್ಲಿ ಕಲಿತವರು ನಿಜವಾದ ಮಗು ಹೊರಳಿದಾಗ ತಬ್ಬಿಬ್ಬಾಗುತ್ತಾರೆ. ಮಗುವನ್ನು ಮಲಗಿಸುವ ಮೊದಲೇ ಬಟ್ಟೆ, ಒರೆಸುವ ತುಂಡು, ಹೊಸ ಡೈಪರ್ ಎಲ್ಲ ಕೈಗೆ ಸಿಗುವಂತಿರಬೇಕು. ಒಂದು ಕೈ ಸದಾ ಮಗುವಿನ ಮೇಲೆ. ಒರೆಸುವುದು ಮುಂದಿನಿಂದ ಹಿಂದಕ್ಕೆ. ಆಮೇಲೆ ಮಗುವಿನ ಕೈ, ಮೇಜು, ತಮ್ಮ ಕೈ ಮೂರನ್ನೂ ಸ್ವಚ್ಛ ಮಾಡಬೇಕು. ತಮ್ಮ ಕೈಗೆ ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಪಕ್ಕದಲ್ಲಿ ಇನ್ನೊಂದು ಮಗು ಅಳುತ್ತಿದ್ದರೆ ಎಲ್ಲರೂ ಬಿಟ್ಟುಬಿಡುವುದು ಈ ಕೈತೊಳೆಯುವುದನ್ನೇ. ಅದಕ್ಕೇ ಅಭ್ಯಾಸದ ವೇಳೆ ಅಳುವಿನ ಧ್ವನಿಮುದ್ರಣ ಹಾಕಿಟ್ಟಿರುತ್ತೇನೆ.

ಮಲಗಿಸುವ ವಿಷಯದಲ್ಲಿ ಹಳೆಯ ರೂಢಿ ಬಿಡಿಸಬೇಕಾಗುತ್ತದೆ. ಒಂದು ವರ್ಷದೊಳಗಿನ ಮಗುವನ್ನು ಪ್ರತಿ ಸಲವೂ ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಬೇಕು. ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಬೇಡ. ಬೋರಲು ಮಲಗಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂಬ ವಾದ ಬಂದೇ ಬರುತ್ತದೆ. ನಿಜ, ನಿದ್ದೆ ಗಾಢವಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಉಸಿರಿಗೆ ತೊಂದರೆಯಾದಾಗ ಮಗು ಎಚ್ಚರಗೊಳ್ಳುವುದು ಕಷ್ಟವಾಗುತ್ತದೆ.

ತಾಯಿ ಹಿಂಡಿ ಕಳಿಸಿದ ಹಾಲಿನ ಬಾಟಲಿಗೆ ಹೆಸರು, ದಿನಾಂಕ, ಹೊತ್ತು ಬರೆದಿರಬೇಕು. ಹೊಸದಾಗಿ ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇಡಬಹುದು. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಮೈಕ್ರೋವೇವ್‌ನಲ್ಲಿ ಕಾಯಿಸಿದರೆ ಹಾಲು ಅಲ್ಲಲ್ಲಿ ಕುದಿಯುವಷ್ಟು ಬಿಸಿಯಾಗಿ ಬಾಯಿ ಸುಡುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ಒಬ್ಬರ ಹಾಲು ಇನ್ನೊಂದು ಮಗುವಿಗೆ ಹೋಗದಿರಲು, ಕುಡಿಸುವ ಮೊದಲು ಬಾಟಲಿಯ ಮೇಲಿನ ಹೆಸರನ್ನು ಜೋರಾಗಿ ಓದಿಸುತ್ತೇನೆ.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಮಗು ಕೂಗಾಡುತ್ತದೆ ಎಂದೇ ಎಲ್ಲರ ಎಣಿಕೆ. ಉಸಿರು ಪೂರ್ತಿ ಕಟ್ಟಿದ ಮಗುವಿನಿಂದ ಸದ್ದೇ ಬರುವುದಿಲ್ಲ. ಹಾಗಾಗಿ ಉಣ್ಣುವ ಹೊತ್ತಿನಲ್ಲಿ ಮುಖ ನೋಡುತ್ತ ಎದುರಿಗೇ ಕೂರಬೇಕು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದಿದ್ದರೆ, ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ಬೋರಲಾಗಿಸಿ, ತಲೆ ಕೆಳಗಿರುವಂತೆ ಹಿಡಿದು, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು. ಅಂಗಾತ ಮಾಡಿ ಎದೆಯ ನಡುವೆ 5 ಒತ್ತು. ಹೊರಬರುವ ತನಕ ಇದೇ ಸರದಿ. ಮಗು ಪ್ರಜ್ಞೆ ತಪ್ಪಿದರೆ ತಕ್ಷಣ ಸಿಪಿಆರ್ (ಎದೆ ಒತ್ತುವುದು, ಬಾಯಿಯಿಂದ ಉಸಿರು ಕೊಡುವುದು); ಈ ನಡುವೆ ಇನ್ನೊಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಕಾಣದ ವಸ್ತುವಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಈ ಏಟು, ಒತ್ತುಗಳ ಸರದಿಯನ್ನು ಗೊಂಬೆಯ ಮೇಲೆ ಪದೇಪದೇ ಮಾಡಿಸದಿದ್ದರೆ ಆ ಗಳಿಗೆಯಲ್ಲಿ ಕೈ ಓಡುವುದಿಲ್ಲ.

ಅಳುವಿನ ಬಗ್ಗೆ ನಾನು ಅತಿ ಹೆಚ್ಚು ಹೊತ್ತು ಮಾತಾಡುತ್ತೇನೆ. ಹಸಿವು, ಒದ್ದೆ, ನಿದ್ದೆ, ಜ್ವರ ಎಲ್ಲ ನೋಡಿಯೂ ಅಳು ನಿಲ್ಲದ ಮಗು ಇರುತ್ತದೆ. ಸಹನೆ ಮುಗಿಯುತ್ತಿದೆ ಅನ್ನಿಸಿದೊಡನೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಜೊತೆಯವರನ್ನು ಕರೆದು, ಆಚೆ ಹೋಗಿ ಎರಡು ನಿಮಿಷ ನಿಲ್ಲಬೇಕು. ಕೂಸನ್ನು ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ‘ನನ್ನ ಕೈಲಿ ಆಗ್ತಿಲ್ಲ, ಬನ್ನಿ’ ಎಂದು ಹೇಳುವುದನ್ನೂ ಅಭ್ಯಾಸ ಮಾಡಿಸುತ್ತೇನೆ. ಅದನ್ನು ಸೋಲು ಎಂದು ನೋಡುವ ಮೇಲ್ವಿಚಾರಕರಿದ್ದರೆ ಎಂಥ ತರಬೇತಿಯೂ ವ್ಯರ್ಥ.

ಎಂಟು ತಿಂಗಳಿಂದ ಒಂದೂವರೆ ವರ್ಷದ ಮಕ್ಕಳಿಗೆ ಅಗಲಿಕೆಯ ಭಯ ಜೋರು. ತಂದೆತಾಯಿ ಕಣ್ತಪ್ಪಿಸಿ ಹೋದರೆ ಮಗು ದಿನವಿಡೀ ಬಾಗಿಲನ್ನೇ ಕಾಯುತ್ತದೆ. ಟಾಟಾ ಹೇಳಿಯೇ ಹೊರಡಿ ಎಂದು ಅವರಿಗೆ ಹೇಳುವ ಧೈರ್ಯ ಆರೈಕೆದಾರರಿಗೆ ಬರಬೇಕು.

ಸಂಜೆ ಒಪ್ಪಿಸುವಾಗ ತಿಂದದ್ದು, ಮಲಗಿದ್ದು, ಡೈಪರ್ ಬದಲಿಸಿದ್ದು ಹೊತ್ತಿನ ಸಮೇತ ಚೀಟಿಯಲ್ಲಿರಬೇಕು. ಬಿದ್ದ ಪೆಟ್ಟು, ಇನ್ನೊಂದು ಮಗು ಕಚ್ಚಿದ ಗುರುತು ಇದ್ದರೆ ತಾಯಿ ಕಾಣುವ ಮೊದಲೇ ಹೇಳಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಸಂಜೆಯವರೆಗೂ ಕಾಯಕೂಡದು, ಆಗಲೇ ಫೋನ್ ಮಾಡಬೇಕು. ರಾತ್ರಿ ವಾಂತಿಯಾದರೆ ವೈದ್ಯರು ಮೊದಲು ಕೇಳುವುದು ಪೆಟ್ಟು ಬಿದ್ದ ಹೊತ್ತನ್ನೇ.

ಕೊನೆಗೆ ಹೊಸಬರನ್ನು ಅನುಭವಿಗಳ ಜೊತೆ ಕೋಣೆಯಲ್ಲಿ ಬಿಟ್ಟು, ಊಟದಿಂದ ನಿದ್ದೆಯವರೆಗಿನ ಹೊತ್ತನ್ನು ಗಮನಿಸುತ್ತೇನೆ. ಗಡಿಬಿಡಿ ಹೆಚ್ಚಾಗುವುದು ಆಗಲೇ. ಆ ಹೊತ್ತಿನಲ್ಲೂ ಮಗುವಿನ ಕಣ್ಣು ನೋಡಿ ಮಾತಾಡುವವರಿಗೆ, ಕೈ ತೊಳೆಯುವುದನ್ನು ಬಿಡದವರಿಗೆ ಕೋಣೆ ಒಪ್ಪಿಸುತ್ತೇನೆ. ಉಳಿದವರು ಇನ್ನಷ್ಟು ದಿನ ಜೊತೆಯಲ್ಲೇ ಕೆಲಸ ಮಾಡಬೇಕು.