ಹಂಚಿನಿಂದ ಶುರು ಮಾಡಿ: ಮಕ್ಕಳಿಗೆ ಸ್ವಿಟ್ಜರ್‌ಲೆಂಡ್ ಹೇಳಿಕೊಡುವ ಬಗೆ

ತಂಗಿಯ ಮಗನಿಗೆ ಶಾಲೆಯಲ್ಲಿ ಸ್ವಿಟ್ಜರ್‌ಲೆಂಡ್ ಪ್ರಾಜೆಕ್ಟ್. ಮೊದಲ ದಿನ ರಾಜಧಾನಿ, ನಾಣ್ಯ, ವಿಸ್ತೀರ್ಣ ಅಂತ ಬಾಯಿಪಾಠ ಮಾಡಿಸಲು ಹೋಗಿ ಸೋತೆ. ಹುಡುಗ ಸ್ವೀಡನ್ನಿನ ಬಾವುಟ ಬಿಡಿಸಿಟ್ಟಿದ್ದ. ಮರುದಿನ ಮಂಗಳೂರಿನ ಜೆಪ್ಪುವಿನ ನಮ್ಮ ಹಳೇ ಮನೆಯ ಬಚ್ಚಲ ಮಾಡಿನಿಂದ ಒಂದು ಹಂಚು ಇಳಿಸಿ, ತೆಂಗಿನ ನಾರಿನಲ್ಲಿ ಪಾಚಿ ಉಜ್ಜಿಸಿದೆ. ‘ಬಾಸೆಲ್ ಮಿಶನ್’ ಅಂತ ಉಬ್ಬಕ್ಷರ ಕಂಡಿತು. ನೀವೂ ಹೀಗೇ ಶುರು ಮಾಡಿ.

ನಕ್ಷೆಯಲ್ಲಿ ಮೊದಲು ಬಾಸೆಲ್ ಹುಡುಕಿಸಿ. 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಕ್ರೈಸ್ತ ಮಿಶನ್ನಿನ ಊರು ಅದು. ದೇಶಕ್ಕೆ ಸಮುದ್ರವಿಲ್ಲ, ಆದರೂ ಬಾಸೆಲ್‌ನಲ್ಲಿ ಬಂದರುಂಟು. ಅದು ಹೇಗೆ ಅಂತ ಮಗು ಕೇಳುವವರೆಗೆ ಸುಮ್ಮನಿರಿ. ಕೇಳಿದ ಮೇಲೆ ಅವನ ಬೆರಳು ಹಿಡಿದು ರೈನ್ ನದಿಯುದ್ದಕ್ಕೂ ರೋಟರ್‌ಡ್ಯಾಮ್ ತನಕ ಹೋಗಿ. ಆಮೇಲೆ ದಕ್ಷಿಣಕ್ಕೆ ಬನ್ನಿ: ದೇಶದ ಸುಮಾರು ಶೇ. 60 ಭಾಗ ಆಲ್ಪ್ಸ್ ಬೆಟ್ಟಗಳೇ. ಒಟ್ಟು 41,285 ಚದರ ಕಿ.ಮೀ.; ಕರ್ನಾಟಕದೊಳಗೆ ನಾಲ್ಕು ಕೂರಿಸಿದರೂ ಜಾಗ ಮಿಗುತ್ತದೆ. ಆ ಬೆಟ್ಟದಡಿ 57 ಕಿ.ಮೀ. ಉದ್ದದ ಗಾಟ್‌ಹಾರ್ಡ್ ರೈಲು ಸುರಂಗ 2016ರಿಂದ ಉಂಟು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಸಿಕ್ಕಿಬಿದ್ದವರು ಇದನ್ನು ಕೇಳಿದರೆ ಹೊಟ್ಟೆ ಉರಿದೀತು.

ನಾಲ್ಕು ರಾಷ್ಟ್ರಭಾಷೆ ಅಂದರೆ ತುಳು, ಕೊಂಕಣಿ, ಬ್ಯಾರಿ ಕೇಳಿ ಬೆಳೆದ ಮಗುವಿಗೆ ಆಶ್ಚರ್ಯವೇನಿಲ್ಲ. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಅಂತ ಬರೆಸಿ ಮುಂದೆ ಹೋಗಿ.

“ಪ್ರಧಾನಿ ಯಾರು ದೊಡ್ಡಮ್ಮ?” ಅಂದ. ಪ್ರಧಾನಿಯೇ ಇಲ್ಲ ಮಾರಾಯ! ಏಳು ಕುರ್ಚಿ ಸಾಲಾಗಿ ಇಡಿಸಿ. ಸಂಸತ್ತು ಆರಿಸುವ ಏಳು ಮಂದಿಯೇ ಸರಕಾರ. ಅಧ್ಯಕ್ಷಗಿರಿ ಅವರಲ್ಲೇ ವರ್ಷಕ್ಕೊಬ್ಬರಿಗೆ. ಕೂರುವುದು ಬರ್ನ್‌ನಲ್ಲಿ. ಕೆಳಗೆ ನಮ್ಮ ರಾಜ್ಯಗಳ ಹಾಗೆ 26 ಕ್ಯಾಂಟನ್‌ಗಳು, ಒಂದೊಂದಕ್ಕೂ ಸ್ವಂತ ಸಂವಿಧಾನ. ಸಂಸತ್ತು ಮಾಡಿದ ಕಾನೂನು ಹಿಡಿಸಲಿಲ್ಲವೋ, 100 ದಿನದೊಳಗೆ 50,000 ಸಹಿ ತಂದರೆ ಜನರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಇಷ್ಟೆಲ್ಲ ಇದ್ದೂ ಅಲ್ಲಿನ ಹೆಂಗಸರಿಗೆ ದೇಶಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ. ನಮ್ಮಲ್ಲಿ ಮೊದಲ ಮಹಾಚುನಾವಣೆಯಿಂದಲೇ ಇತ್ತು. ಇದನ್ನು ಪ್ರಾಜೆಕ್ಟಿನಲ್ಲಿ ದಪ್ಪಕ್ಷರದಲ್ಲೇ ಬರೆಸಿದೆ.

ಹಣಕಾಸಿಗೆ ಒಂದು ಚಾಕೊಲೇಟು, ನಾಲ್ಕು ಗೇರುಬೀಜ ಸಾಕು. ಅಲ್ಲಿ ಕೋಕೋ ಬೆಳೆಯುವುದಿಲ್ಲ. ನಮ್ಮ ಕಾರ್ಖಾನೆಗಳಿಗೆ ಆಫ್ರಿಕಾದಿಂದ ಗೇರುಬೀಜ ಬರುವ ಹಾಗೆ ಅದೂ ಹೊರಗಿನಿಂದ ಬರಬೇಕು. ಆದರೆ ಚಾಕೊಲೇಟು, ಗಡಿಯಾರಕ್ಕಿಂತ ದೊಡ್ಡ ರಫ್ತು ಔಷಧದ್ದು, ಅದರ ಕೇಂದ್ರ ಮತ್ತೆ ಬಾಸೆಲ್ಲೇ. ಐರೋಪ್ಯ ಒಕ್ಕೂಟಕ್ಕೆ ಸೇರಿಲ್ಲ, ಹಾಗಾಗಿ ನಾಣ್ಯ ಯೂರೋ ಅಲ್ಲ, ಫ್ರಾಂಕ್.

ಹಂಚನ್ನು ಶಾಲೆಗೂ ಒಯ್ಯುತ್ತೇನೆ ಅಂತ ಹಟ ಹಿಡಿದ. ಬೈರಾಸಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟೆ. ಬಚ್ಚಲ ಮಾಡಿಗೆ ಸದ್ಯ ಪ್ಲಾಸ್ಟಿಕ್ ಹೊದಿಸಿದ್ದೇವೆ.