ಆಶ್ರಯ ಕೋರಿ ಬಂದವರ ಜೊತೆ ಕೆಲಸ: ಹೊಸ ಕೇಸ್‌ವರ್ಕರ್ ಕಲಿಯಬೇಕಾದದ್ದು

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ದೆಹಲಿಯ ನಿರಾಶ್ರಿತರ ಸೇವಾ ಸಂಸ್ಥೆಯೊಂದಕ್ಕೆ ಸೇರಿದವರಿಗೆ ಮೊದಲು ಸಿಗುವುದು ಒಂದು ಮೇಜು, ಒಂದು ರಿಜಿಸ್ಟರ್, ಪಕ್ಕದಲ್ಲೊಬ್ಬ ದುಭಾಷಿ. ಬಂದವರ ಹೆಸರು ಬರೆದುಕೊಳ್ಳಬೇಕು, ಏನು ಬೇಕೆಂದು ಕೇಳಬೇಕು, ಸರಿಯಾದ ಕಡೆಗೆ ಕಳಿಸಬೇಕು, ಕೆಲಸ ಆಯಿತೇ ಎಂದು ಮತ್ತೆ ವಿಚಾರಿಸಬೇಕು. ಅವರಿಗೆ ಆಶ್ರಯ ಸಿಗಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದಲ್ಲ. ಆದರೆ ನೀವು ತಪ್ಪು ಬರೆದ ಒಂದು ಅಕ್ಷರ ಆ ತೀರ್ಮಾನದವರೆಗೂ ಅವರ ಬೆನ್ನು ಹತ್ತಬಹುದು. ಆದ್ದರಿಂದ ಕಡಿಮೆ ಬರೆಯಿರಿ, ಬರೆದಷ್ಟನ್ನು ಕರಾರುವಾಕ್ಕಾಗಿ ಬರೆಯಿರಿ.

ಯಾರ ಅರ್ಜಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರನ್ನು ನೋಡಿ ಬೆಳೆದ ನಮಗೆ, ನಿರಾಶ್ರಿತರೆಂದರೆ ಸರ್ಕಾರವೇ ಜಾಗ ಕೊಟ್ಟು ಕಾಗದ ಮಾಡಿಕೊಡುತ್ತದೆ ಎಂಬ ಭಾವನೆ ಇರುತ್ತದೆ. ಟಿಬೆಟನ್ನರು ಮತ್ತು ಶ್ರೀಲಂಕಾದ ತಮಿಳರನ್ನು ಸರ್ಕಾರವೇ ನೋಡಿಕೊಳ್ಳುತ್ತದೆ, ನಿಜ. ಆದರೆ ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ, ಅದನ್ನು ವಿಸ್ತರಿಸಿದ 1967ರ ಪ್ರೋಟೋಕಾಲ್‌ಗಾಗಲಿ ಸೇರಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾದಂಥ ಕಡೆಗಳಿಂದ ಬಂದವರ ಅರ್ಜಿಯನ್ನು ಪರಿಶೀಲಿಸುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್. ಮೊದಲು ನೋಂದಣಿ. ಆಮೇಲೆ ‘ಅರ್ಜಿ ಪರಿಶೀಲನೆಯಲ್ಲಿದೆ’ ಎನ್ನುವ ದಾಖಲೆ. ಅದರ ನಂತರ ವಿವರವಾದ ಸಂದರ್ಶನ. ಒಪ್ಪಿದರೆ ನಿರಾಶ್ರಿತರ ಕಾರ್ಡ್, ಇಲ್ಲವಾದರೆ ಮೇಲ್ಮನವಿ. ಮುಂದೆ ಕೂತವರು ಇವುಗಳಲ್ಲಿ ಯಾವ ಹಂತದಲ್ಲಿದ್ದಾರೆ ಎಂದು ಅವರ ಕಾಗದ ನೋಡಿಯೇ ಖಚಿತಪಡಿಸಿಕೊಳ್ಳಿ, ಬಾಯಿಮಾತಿನ ಮೇಲೆ ಬರೆಯಬೇಡಿ. ಕಾರ್ಡಿನ ಅವಧಿ ಮುಗಿಯುವ ದಿನಕ್ಕೆ ರಿಜಿಸ್ಟರಿನಲ್ಲಿ ಬೇರೆಯೇ ಒಂದು ಕಾಲಂ ಇರಲಿ. ಅವಧಿ ಮೀರಿದ ಕಾರ್ಡು ಹಿಡಿದು ಪೊಲೀಸರ ಮುಂದೆ ನಿಲ್ಲುವ ಕಷ್ಟ ತಪ್ಪಿಸಲು ಎರಡು ತಿಂಗಳು ಮೊದಲೇ ಫೋನ್ ಮಾಡಿ ನೆನಪಿಸಿದರೆ ಸಾಕು.

ಅತಿ ಹೆಚ್ಚು ತಪ್ಪಾಗುವುದು ಹೆಸರು ಮತ್ತು ಹುಟ್ಟಿದ ದಿನಾಂಕದಲ್ಲಿ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಮಾರ್ಕ್ಸ್‌ಕಾರ್ಡಿನಲ್ಲೊಂದು ಥರ, ಆಧಾರಿನಲ್ಲೊಂದು ಥರ ಬರೆಸಿಕೊಂಡು ಪಾಸ್‌ಪೋರ್ಟ್ ಕಚೇರಿಗೆ ಅಲೆದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅದೇ ಕಷ್ಟ ಇಲ್ಲಿ ನೂರ್ಮಡಿ. ಬರ್ಮೀಯರಿಗೆ ಮನೆತನದ ಹೆಸರೇ ಇರುವುದಿಲ್ಲ. ಗಂಡ, ಹೆಂಡತಿ, ಮಕ್ಕಳ ಹೆಸರುಗಳಲ್ಲಿ ಒಂದು ಪದವೂ ಹೊಂದದಿರಬಹುದು. ಊ, ದೋ, ಕೋ, ಮಾ ಎಂಬವು ಸಾಮಾನ್ಯವಾಗಿ ನಮ್ಮ ಶ್ರೀ, ಶ್ರೀಮತಿ, ಅಣ್ಣ, ಅಕ್ಕ ಇದ್ದಂತೆ. ‘ದೋ’ ಸೇರಿಸಿ ಬರೆದುಕೊಂಡರೆ ಆಸ್ಪತ್ರೆಯ ಚೀಟಿಯಲ್ಲಿ ಒಬ್ಬರು, ಕಾರ್ಡಿನಲ್ಲಿ ಇನ್ನೊಬ್ಬರು ಆಗಿಬಿಡುತ್ತಾರೆ. ಅಫ್ಘನ್ನರಲ್ಲೂ ಅನೇಕರಿಗೆ ಸರ್‌ನೇಮ್ ಇಲ್ಲ. ತಂದೆಯ ಹೆಸರು, ಅಜ್ಜನ ಹೆಸರಿನಿಂದ ಗುರುತು. ನಿಯಮ ಒಂದೇ: ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆ, ಅಕ್ಷರಕ್ಕೆ ಅಕ್ಷರ. ಕಾರ್ಡಿನಲ್ಲೇ ತಪ್ಪಿದ್ದರೆ ನೀವಾಗಿಯೇ ತಿದ್ದಬೇಡಿ, ತಿದ್ದುಪಡಿಗೆ ಬರೆಸಿ.

ಇನ್ನು ದಿನಾಂಕ. ಅಫ್ಘನ್ನರ ಗುರುತಿನ ಪತ್ರವಾದ ತಜ್ಕಿರಾದಲ್ಲಿ ಹಲವು ಸಲ ಜನ್ಮದಿನವೇ ಇರುವುದಿಲ್ಲ. ‘1387ರಲ್ಲಿ ಇವನಿಗೆ 12 ವರ್ಷ’ ಎಂದಷ್ಟೇ ಇರುತ್ತದೆ. ಅಂದರೆ ಹುಟ್ಟಿದ್ದು ಸುಮಾರು 1375ರಲ್ಲಿ, ಅವರ ಸೌರ ಪಂಚಾಂಗದ ಪ್ರಕಾರ. ಆ ಪಂಚಾಂಗದ ವರ್ಷ ಮಾರ್ಚ್ 20 ಅಥವಾ 21ಕ್ಕೆ ಶುರು. ಹಾಗಾಗಿ ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ತಿಂಗಳಿಗೆ ನಮ್ಮ ಇಸವಿ ತಿಳಿಯಲು 621 ಕೂಡಿಸಬೇಕು, ಜನವರಿಯಿಂದ ಮಾರ್ಚ್ ನಡುವಿನದಕ್ಕೆ 622. 1375ರ ಮೊದಲ ತಿಂಗಳು ಹಮಲ್ ಬಿದ್ದದ್ದು 1996ರಲ್ಲಿ, ಕೊನೆಯ ತಿಂಗಳು ಹೂತ್ ಬಿದ್ದದ್ದು 1997ರಲ್ಲಿ. ಈ ಒಂದು ವರ್ಷದ ಎಡವಟ್ಟಿನಿಂದ 17ರ ಹುಡುಗ ಕಾಗದದ ಮೇಲೆ 18 ದಾಟಿ, ಮಕ್ಕಳಿಗೆ ಸಿಗುವ ರಕ್ಷಣೆ ಕಳೆದುಕೊಳ್ಳುತ್ತಾನೆ. ಎಲ್ಲರ ಜನ್ಮದಿನವೂ ಜನವರಿ 1 ಎಂದು ಕಂಡರೆ ಅನುಮಾನಿಸಬೇಡಿ. ದಿನ ಗೊತ್ತಿಲ್ಲದವರಿಗೆ ಕಚೇರಿಗಳು ಹಾಕಿಕೊಡುವ ದಿನಾಂಕ ಅದು.

ಎದುರಿಗೆ ಕೂತವರು ಊರು ಬಿಟ್ಟ ಕಥೆ ಹೇಳಲು ಶುರುಮಾಡಿದಾಗ ಹೊಸಬರಿಗೆ ಎಲ್ಲವನ್ನೂ ಬರೆದುಕೊಳ್ಳುವ ಆಸೆ. ಕೇಳಿ, ಆದರೆ ಕೆದಕಬೇಡಿ, ವಿವರವಾಗಿ ದಾಖಲಿಸಲೂ ಬೇಡಿ. ಯುಎನ್‌ಎಚ್‌ಸಿಆರ್ ಸಂದರ್ಶನದಲ್ಲಿ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುತ್ತಾರೆ. ಅರ್ಧಂಬರ್ಧ ಅನುವಾದದಲ್ಲಿ ನೀವು ಬರೆದ ‘ಅಣ್ಣ’, ಅಲ್ಲಿ ‘ಚಿಕ್ಕಪ್ಪನ ಮಗ’ ಆದರೆ, ಅವರೇ ಸುಳ್ಳು ಹೇಳಿದಂತೆ ಕಾಣುತ್ತದೆ. ‘ಮೂರು ದಿನದಿಂದ ಜ್ವರ, ಬಾಡಿಗೆ ಮನೆ ಈ ತಿಂಗಳು ಬಿಡಬೇಕು, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿಲ್ಲ’: ನಿಮ್ಮ ನೋಟ್‌ಗೆ ಇಷ್ಟು ಸಾಕು. ಚಿತ್ರಹಿಂಸೆ, ಅತ್ಯಾಚಾರದ ಸೂಚನೆ ಸಿಕ್ಕರೆ ತರಬೇತಾದ ಕೌನ್ಸೆಲರ್‌ಗೆ ಒಪ್ಪಿಸಿ.

ಮನೆಯವರನ್ನು, ಅದರಲ್ಲೂ ಮಕ್ಕಳನ್ನು ದುಭಾಷಿ ಮಾಡಿಕೊಳ್ಳಬೇಡಿ. ಹಿಂದಿ ಬೇಗ ಕಲಿತ ಹತ್ತು ವರ್ಷದ ಮಗು ತಾಯಿಯ ಗರ್ಭಪಾತದ ಬಗ್ಗೆ ಡಾಕ್ಟರಿಗೆ ಹೇಳಬೇಕಾಗಿ ಬರುವ ಸ್ಥಿತಿ ಕಲ್ಪಿಸಿಕೊಳ್ಳಿ. ಭಾಷೆ ಯಾವುದೆಂದು ಕೇಳುವಾಗ ದೇಶದ ಹೆಸರಿನಲ್ಲಿ ನಿಲ್ಲಬೇಡಿ. ಮ್ಯಾನ್ಮಾರ್‌ನಿಂದ ಬಂದ ಚಿನ್ ಸಮುದಾಯದ ಹೆಂಗಸಿಗೆ ಬರ್ಮೀಸ್ ಬಾರದೆ ಹಾಖಾ ಅಥವಾ ಫಲಾಂ ಮಾತ್ರ ಬರಬಹುದು. ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿ, ಕಣ್ಣು ಮಾತ್ರ ಬಂದವರ ಮೇಲೆ ಇರಲಿ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ತಲೆ ಆಡಿಸಿದರೆ ಅರ್ಥವಾಯಿತೆಂದಲ್ಲ. ‘ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳ್ತೀರಾ?’ ಎಂದು ಕೇಳಿ. ಬಾಗಿಲ ಕಡೆಯ ಕುರ್ಚಿ ಅವರಿಗೆ ಬಿಡಿ. ಬಂಧನದಲ್ಲಿದ್ದು ಬಂದವರಿಗೆ ದಾರಿ ಮುಚ್ಚಿದ ಕೋಣೆಯಲ್ಲಿ ಉಸಿರೇ ಕಟ್ಟುತ್ತದೆ.

‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟವರಿಗೆ ಶಿಕ್ಷೆ ಇದೆ. ಆದ್ದರಿಂದ ಮಾತು ಶುರುವಾಗುವ ಮೊದಲೇ ಹೇಳಿ: ‘ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಕೊಡುವುದಿಲ್ಲ. ಮಗುವಿಗೆ ಅಥವಾ ಯಾರದಾದರೂ ಪ್ರಾಣಕ್ಕೆ ಅಪಾಯ ಇದ್ದರೆ ಮಾತ್ರ ಹೇಳಬೇಕಾಗುತ್ತದೆ.’ ಒಂಟಿಯಾಗಿ ಬಂದ ಮಗು ಕಂಡರೆ ನಾಳೆಗೆ ಇಟ್ಟುಕೊಳ್ಳದೆ ಅದೇ ಗಳಿಗೆ ಸೂಪರ್‌ವೈಸರ್‌ಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098.

‘ಕೆನಡಾಕ್ಕೆ ಯಾವಾಗ ಕಳಿಸ್ತೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇರೆ ದೇಶಕ್ಕೆ ಪುನರ್ವಸತಿ ಸಿಗುವುದು ಜಗತ್ತಿನ ನಿರಾಶ್ರಿತರಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ, ಕೊನೆಯ ಮಾತು ಆಯಾ ದೇಶದ್ದು. ಬೇಸರವಾಗುತ್ತದೆಂದು ‘ನೋಡೋಣ’ ಎನ್ನಬೇಡಿ. ಆ ‘ನೋಡೋಣ’ವನ್ನೇ ನಂಬಿ ಮಗನನ್ನು ಶಾಲೆಗೆ ಸೇರಿಸದೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಯುಎನ್‌ಎಚ್‌ಸಿಆರ್ ಸೇವೆಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ ಎಂಬುದನ್ನೂ ಪ್ರತಿ ಸಲ ಹೇಳಿ. ಅಪಾಯಿಂಟ್‌ಮೆಂಟ್ ಕೊಡಿಸುತ್ತೇನೆಂದು ದುಡ್ಡು ಕೇಳುವವರು ಯಾವಾಗಲೂ ಇರುತ್ತಾರೆ.

ಎಲ್ಲಿಗಾದರೂ ಕಳಿಸುವಾಗ ಬರೀ ವಿಳಾಸ ಕೊಟ್ಟರೆ ಕೆಲಸವಾಗದು. ಶಾಲೆಯಲ್ಲಿ ಆಧಾರ್ ಕೇಳಿ ವಾಪಸ್ ಕಳಿಸಿದರೆ ಮುಖ್ಯಶಿಕ್ಷಕರಿಗೆ ಪತ್ರ ಬರೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ ಅದರ 14ನೇ ಸೆಕ್ಷನ್. ಮೊದಲ ಸಲ ಜೊತೆಯಲ್ಲೇ ಹೋಗಿ. ಯಾರಾದರೂ ಬಂಧನದಲ್ಲಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಸಂವಿಧಾನದ 21ನೇ ವಿಧಿ ವಿದೇಶಿಯರ ಪ್ರಾಣಕ್ಕೂ ರಕ್ಷಣೆ ಕೊಡುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಹೇಳಿರುವುದು ವಕೀಲರಿಗೆ ಗೊತ್ತಿರುತ್ತದೆ, ನಿಮಗೂ ಗೊತ್ತಿರಲಿ.

ಒಳ್ಳೆಯ ಮನಸ್ಸಿನಿಂದಲೇ ಆಗುವ ದೊಡ್ಡ ಅನಾಹುತವೆಂದರೆ, ಒಂದು ಪ್ರಮಾಣಪತ್ರಕ್ಕೋಸ್ಕರ ಅವರ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡುವುದು. ಯಾರಿಗೆ ಹೆದರಿ ಓಡಿ ಬಂದರೋ ಅವರಿಗೇ ವಿಳಾಸ ಕೊಟ್ಟಂತೆ. ಊರಲ್ಲಿ ಉಳಿದ ಅಪ್ಪ ಅಮ್ಮನ ಬಾಗಿಲು ಬಡಿಯುತ್ತಾರೆ.

ತಿರಸ್ಕಾರದ ಪತ್ರ ಹಿಡಿದು ಬಂದವರನ್ನು ಸಾಲಿನಲ್ಲಿ ಕಾಯಿಸಬೇಡಿ. ಮೇಲ್ಮನವಿಗೆ ಸಾಮಾನ್ಯವಾಗಿ 30 ದಿನ, ಪತ್ರದಲ್ಲೇ ಗಡುವು ಬರೆದಿರುತ್ತದೆ. ಓದಲು ಬಾರದೆ, ಅಥವಾ ಅಳುತ್ತಲೇ ಎರಡು ವಾರ ಮನೆಯಲ್ಲಿದ್ದು ಬಂದಿರುತ್ತಾರೆ. ಗಡುವನ್ನು ದೊಡ್ಡದಾಗಿ ಬರೆದು ಕೈಗೆ ಕೊಟ್ಟು, ಅಂದೇ ಕಾನೂನು ವಿಭಾಗದವರ ಮುಂದೆ ಕೂರಿಸಿ. ಮೇಲ್ಮನವಿಯನ್ನು ನೀವೇ ಬರೆದುಕೊಡಲು ಹೋಗಬೇಡಿ.

ಸಂಜೆ ಹೊರಡುವ ಮೊದಲು ಕಚ್ಚಾ ಚೀಟಿಗಳನ್ನು ಹರಿದು ಹಾಕಿ, ಫೈಲುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಕಾರ್ಡಿನ ಫೋಟೊ ನಿಮ್ಮ ಸ್ವಂತ ಫೋನಿನಲ್ಲಿದ್ದರೆ ಗ್ಯಾಲರಿಯಿಂದಲೂ, ಬ್ಯಾಕಪ್‌ನಿಂದಲೂ ಅಳಿಸಿ. ತಂಡದ ವಾಟ್ಸ್ಯಾಪ್ ಗುಂಪಿಗಂತೂ ಅದನ್ನು ಹಾಕಲೇಬೇಡಿ. ನಾಳೆ ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿಯಲ್ಲಿ ಹೆಸರಿನ ಬದಲು ಕೇಸ್ ನಂಬರ್ ಮಾತ್ರ ಬರೆದಿಡಿ.